ಎಡಗೆನ್ನೆಯ ಬಿಸಿಲು

ಮಗಳು ಐದನೇ ತರಗತಿಗೆ ಬಂದ ವರ್ಷ ನಮ್ಮ ಜಗಲಿಯ ಮೇಲೆ ಇಡೀ ಭಾರತ ದೇಶ ಬಂದು ಕೂತಿತ್ತು. ಸಂಜೆ ಹಾಲು ಕರೆದಾದ ಮೇಲೆ ನಾನು ಹುರುಳಿಕಾಯಿಯನ್ನೋ ಸೊಪ್ಪನ್ನೋ ಮುಂದಿಟ್ಟುಕೊಂಡು ಕೂರುತ್ತಿದ್ದೆ. ಅವಳು ಕಂಬಕ್ಕೆ ಒರಗಿ ಪುಸ್ತಕದಿಂದ ಓದಿ ಹೇಳುತ್ತಿದ್ದಳು. ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡ ರಾಜ್ಯ ರಾಜಸ್ಥಾನ, ಚಿಕ್ಕದು ಗೋವಾ. ಜನಸಂಖ್ಯೆಯಲ್ಲಿ ಮೊದಲನೆಯದು ಉತ್ತರ ಪ್ರದೇಶ. ಜೈಪುರಕ್ಕೆ ಗುಲಾಬಿ ನಗರ ಅನ್ನುತ್ತಾರೆ, ನಾಗಪುರ ಕಿತ್ತಳೆಗೆ ಹೆಸರುವಾಸಿ. ಓದಿ ಮುಗಿದ ಮೇಲೆ ಪುಸ್ತಕ ನನ್ನ ಕೈಗೆ ಬರುತ್ತಿತ್ತು. ನಾನು ಕೇಳಬೇಕು, ಅವಳು ನೋಡದೆ ಹೇಳಬೇಕು.

ಜಗಲಿಯ ಇನ್ನೊಂದು ತುದಿಯಲ್ಲಿ ನಮ್ಮತ್ತೆ ಕೊಬ್ಬರಿ ಕೆಲಸಕ್ಕೆ ಕೂತಿರುತ್ತಿದ್ದರು. ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಮಲಗಿ, ಒಳಗಿನ ನೀರೆಲ್ಲ ಇಂಗಿದ ಕಾಯಿಗಳು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಡಗಡ ಅಂದರೆ ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಮುಕ್ಕಾಗದ ಹಾಗೆ ತೆಗೆದು ಬಿದಿರಿನ ಪುಟ್ಟಿಗೆ ಹಾಕುವರು. ಅತ್ತೆ ಶಾಲೆಗೆ ಹೋದವರಲ್ಲ. ಆದರೆ ದೆಹಲಿ, ಕಾನ್ಪುರ, ಜೈಪುರದ ಹೆಸರುಗಳು ಅವರಿಗೆ ಹೊಸವೇನಲ್ಲ. ತಿಪಟೂರಿನ ಮಂಡಿಯಿಂದ ಬಂದವರ ಬಾಯಲ್ಲಿ ಆ ಊರುಗಳು ನೆಂಟರ ಹಾಗೆ ಬರುತ್ತಿದ್ದವು. ದಿಲ್ಲಿಯವರು ಈ ಸಲ ಕೊಬ್ಬರಿ ಎತ್ತಲಿಲ್ಲ, ರಾಜಸ್ಥಾನದವರು ಮದುವೆ ತಿಂಗಳು ಅಂತ ಚೆನ್ನಾಗಿ ಎತ್ತಿದರು, ಹೀಗೆ. ಹಾಗಾಗಿ ರಾಜಸ್ಥಾನ ಒಂದು ಊರಲ್ಲ, ರಾಜ್ಯ ಅನ್ನುವುದನ್ನು ಒಪ್ಪಿಕೊಳ್ಳಲು ಅತ್ತೆಗೆ ಸ್ವಲ್ಪ ದಿನ ಬೇಕಾಯಿತು. ದೆಹಲಿಯ ವಿಷಯದಲ್ಲಿ ಮಗಳೇ ತಡವರಿಸಿದಳು. ಅದು ಊರೂ ಹೌದು, ರಾಜ್ಯದ ಹಾಗೂ ಹೌದು ಅಂದಾಗ ಅತ್ತೆ ತಲೆಯಾಡಿಸಿ, ತುಮಕೂರು ಊರೂ ಹೌದು ಜಿಲ್ಲೆಯೂ ಹೌದಲ್ಲವಾ, ಅದರಂಗೆ ಬಿಡು ಅಂದರು.

ತಿಪಟೂರಿನಿಂದ ಒಂದು ಭೂಪಟ ತಂದು ಅಟ್ಟದ ಏಣಿಯ ಪಕ್ಕದ ಗೋಡೆಗೆ ಅಂಟಿಸಿದೆವು. ಮೇಲಿರುವುದು ಉತ್ತರ, ಕೆಳಗಿರುವುದು ದಕ್ಷಿಣ ಎಂದು ಮಗಳು ಕೋಲು ಹಿಡಿದು ತೋರಿಸಿದಳು. ಅತ್ತೆ ಭೂಪಟದ ತುದಿಯಿಂದ ಅಟ್ಟದವರೆಗೂ ಕಣ್ಣು ಹಾಯಿಸಿದರು.

"ಅಂಗಾದ್ರೆ ದಿಲ್ಲಿ ಅಟ್ಟದ ಮ್ಯಾಲೈತೆ ಅನ್ನು. ಸರಿಯಾಗೇ ಐತೆ. ದಿಲ್ಲಿಯೋರು ತಿನ್ನೋದೆಲ್ಲ ಅಲ್ಲೇ ತಾನೇ ಇರೋದು."

ನಾವು ನಕ್ಕೆವು. ಆದರೆ ಅವರು ಆ ಭೂಪಟವನ್ನು ಬಿಡಲಿಲ್ಲ. ಕಾಶಿ ಎಲ್ಲಿ ಬರುತ್ತದೆ ಎಂದು ಒಂದೆರಡು ಸಲ ಕೇಳಿ, ಮಗಳು ಬೆರಳಿಟ್ಟ ಜಾಗದಲ್ಲಿ ತಾವೂ ಬೆರಳಿಟ್ಟು ನೋಡಿದರು. ಯಾಕೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅವರ ತವರು ತುರುವೇಕೆರೆ ಹತ್ತಿರ, ದಬ್ಬೇಘಟ್ಟದ ಕಡೆ. ಅಲ್ಲಿಂದ ಹೆಂಗಸರ ಒಂದು ಗುಂಪು ಶಿವರಾತ್ರಿ ಕಳೆದ ಮೇಲೆ ರೈಲಿನಲ್ಲಿ ಕಾಶಿಗೆ ಹೊರಡುವುದಿತ್ತು. ಅತ್ತೆಯ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ನೀನೂ ಬಾ ಎಂದು ಹೇಳಿ ಕಳಿಸಿದ್ದರು.

ಅತ್ತೆಗೆ ಹೋಗುವ ಆಸೆ ಎಷ್ಟಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಲೇ ಒಂದು ವಾರ ಹಿಡಿಯಿತು. ಊಟಕ್ಕೆ ಕೂತಾಗ ಹೇಳಿದರು. ನಮ್ಮವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಕಿಬ್ಬನಹಳ್ಳಿ ಕ್ರಾಸಲ್ಲೇ ದಾರಿ ತಪ್ಪಿದೋಳು ನೀನು. ಕಾಶಿಗೆ ಹೋಯ್ತಾಳಂತೆ" ಅಂದರು. ಗದರಿದ್ದಲ್ಲ, ತಮಾಷೆಗೇ ಅಂದಿದ್ದು. ಆದರೆ ತಮಾಷೆಯಲ್ಲಿ ಬೇಡ ಅನ್ನುವುದೂ ಇತ್ತು. ಅತ್ತೆ ಎದ್ದು ತಟ್ಟೆ ತೊಳೆದಿಟ್ಟರು.

ಆ ಕ್ರಾಸಿನ ಕತೆ ನಮ್ಮ ಮನೆಯಲ್ಲಿ ಹಳೆಯದು. ನಮ್ಮ ಊರು ಕಿಬ್ಬನಹಳ್ಳಿ ಕ್ರಾಸಿನಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ದಾರಿಯಲ್ಲಿದೆ. ಅತ್ತೆ ತವರಿಗೆ ಹೋಗಬೇಕೆಂದರೆ ಕ್ರಾಸಿನವರೆಗೆ ಬಂದು, ಅಲ್ಲಿಂದ ತುರುವೇಕೆರೆ ಬಸ್ಸು ಹತ್ತಬೇಕು. ಬಸ್ಸಿನ ಬೋರ್ಡು ಅವರಿಗೆ ಓದಲು ಬಾರದು. ತನ್ನ ತವರಿನ ದಾರಿಯನ್ನು ಕಂಡೋರನ್ನು ಕೇಳುವುದು ಅವಮಾನ. ಮದುವೆಯಾದ ಹೊಸದರಲ್ಲಿ ಅವರ ತಾಯಿ ಒಂದು ಗುರುತು ಹೇಳಿಕೊಟ್ಟಿದ್ದರಂತೆ. ಹೋಗುವಾಗಲೂ ಬಿಸಿಲು ಎಡಗೆನ್ನೆಗೆ ಬೀಳಬೇಕು, ಬರುವಾಗಲೂ ಎಡಗೆನ್ನೆಗೇ ಬೀಳಬೇಕು. ಹಾಗೆ ಬಿದ್ದರೆ ದಾರಿ ಸರಿಯಿದೆ ಎಂದು ಅರ್ಥ. ಆ ಗುರುತನ್ನು ನಂಬಿ ಅತ್ತೆ ಎಷ್ಟೋ ವರ್ಷ ಹೋಗಿ ಬಂದರು.

ತಪ್ಪಿದ್ದು ಒಂದೇ ಸಲ. ಅತ್ತೆ ತವರಿನಲ್ಲಿದ್ದಾಗ ಇಲ್ಲಿ ಹಸು ಈಯುವ ಹಾಗೆ ಕಂಡಿತು. ಅದು ಅತ್ತೆಯನ್ನು ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸದ ಹಸು. ಫೋನು ಹೋಯಿತು, ಅತ್ತೆ ಬೆಳಿಗ್ಗೆಯೇ ಹೊರಟುಬಿಟ್ಟರು. ಕ್ರಾಸಿನಲ್ಲಿ ಇಳಿದರು, ನಿಂತಿದ್ದ ಒಂದು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು. ಬಿಸಿಲು ಎಡಗೆನ್ನೆಗೆ ಬಿತ್ತು. ನಿಶ್ಚಿಂತೆಯಾಗಿ ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಮತ್ತೆ ತುರುವೇಕೆರೆ. ಮನೆಗೆ ಬರುವಷ್ಟರಲ್ಲಿ ಕರು ಎದ್ದು ನಿಂತು ಹಾಲು ಕುಡಿಯುತ್ತಿತ್ತು. ಆದದ್ದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬಿಸಿಲು ಸರಿಯಾಗಿಯೇ ಬಿದ್ದಿತ್ತಲ್ಲ, ಬಸ್ಸು ಯಾಕೆ ತಪ್ಪು ಹೋಯಿತು ಎನ್ನುವುದು ಮಾತ್ರ ಅವರಿಗೆ ಬಗೆಹರಿದಿರಲಿಲ್ಲ. ನಮಗೂ ಬಗೆಹರಿದಿರಲಿಲ್ಲ. ನಾವು ನಕ್ಕು ಸುಮ್ಮನಾಗಿದ್ದೆವು.

ಮಗಳಿಗೆ ಆಗ ದಿಕ್ಕುಗಳ ಪಾಠ ನಡೆಯುತ್ತಿತ್ತು. ಅಂದು ಊಟದ ಹೊತ್ತಿನ ಮಾತು ಕೇಳಿದ್ದವಳು ಮಾರನೆಯ ಸಂಜೆ ಅಂಗಳಕ್ಕೆ ನಾಲ್ಕು ಕಾಯಿ ತಂದಳು. ಗೋಡೆಯ ಮೇಲಿನ ಉತ್ತರವನ್ನು ಅಜ್ಜಿ ಒಪ್ಪುತ್ತಿಲ್ಲ, ನೆಲದ ಮೇಲೆ ಮಾಡಿ ತೋರಿಸುತ್ತೇನೆ ಅಂದಳು. ಮೂಡಲಿಗೊಂದು ಕಾಯಿ, ಅದು ತುಮಕೂರು. ಪಡುವಲಿಗೆ ತಿಪಟೂರು. ಬಡಗಲಿಗೆ, ಅಂದರೆ ಉತ್ತರಕ್ಕೆ, ಚಿಕ್ಕನಾಯಕನಹಳ್ಳಿ; ತೆಂಕಲಿಗೆ, ಅಂದರೆ ದಕ್ಷಿಣಕ್ಕೆ, ತುರುವೇಕೆರೆ. ನಡುವೆ ರಂಗೋಲಿ ಪುಡಿಯಲ್ಲಿ ಒಂದು ಅಧಿಕ ಚಿಹ್ನೆ, ಅದು ಕ್ರಾಸು. ನಾನು ಆ ಕ್ರಾಸಿನಲ್ಲಿ ಎಷ್ಟು ಸಲ ಬಸ್ಸಿಗೆ ಕಾದಿದ್ದೇನೋ, ಅಲ್ಲಿಯ ನಾಲ್ಕು ದಾರಿಗಳು ನಾಲ್ಕು ದಿಕ್ಕಿಗೆ ಅಷ್ಟು ನೇರವಾಗಿ ಕೂಡುತ್ತವೆ ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಈಗ ನೀನು ತವರಿಂದ ಬಾ ಎಂದು ಮಗಳು ಹೇಳಿದಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತುರುವೇಕೆರೆ ಕಾಯಿಯಿಂದ ಚಿಕ್ಕನಾಯಕನಹಳ್ಳಿ ಕಾಯಿಯವರೆಗೆ ನಡೆದರು. ಹೊತ್ತು ಮುಳುಗುತ್ತಿತ್ತು, ಬಿಸಿಲು ಎಡಗೆನ್ನೆಗೆ ಬಿತ್ತು. ಸರಿಯಾಗೈತಲ್ಲ ಎಂದು ನಮ್ಮ ಕಡೆ ನೋಡಿದರು. ಮಗಳಿಗೂ ಆಗ ಏನೂ ಹೊಳೆಯಲಿಲ್ಲ. ಕಾಯಿಗಳು ಹಾಗೆಯೇ ಉಳಿದವು.

ಬೆಳಿಗ್ಗೆ ನಾನು ಅಂಗಳ ಗುಡಿಸಲು ಬಂದಾಗ ಅತ್ತೆ ಆಗಲೇ ಅಲ್ಲಿದ್ದರು. ತೆಂಗಿನ ಸಾಲಿನ ಮೇಲೆ ಬಿಸಿಲು ಏರಿತ್ತು. ಯಾರೂ ಹೇಳದೆ ಅವರೇ ತುರುವೇಕೆರೆ ಕಾಯಿಯ ಹತ್ತಿರ ಹೋಗಿ ನಿಂತು ಬಡಗಲಿಗೆ ಹೆಜ್ಜೆ ಹಾಕಿದರು. ನಡುವೆ, ರಂಗೋಲಿಯ ಕ್ರಾಸಿನ ಮೇಲೆ ನಿಂತುಬಿಟ್ಟರು. ಕೈ ಬಲಗೆನ್ನೆಗೆ ಹೋಯಿತು.

"ಅಯ್ಯೋ, ಅವತ್ತು ಉಣ್ಣದೇ ಹೊಂಟಿದ್ದೆ ಕಣವ್ವ" ಅಂದರು.

ನನಗೆ ಆ ಮಾತು ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ನಮ್ಮ ಕಡೆ ತವರಿಗೆ ಬಂದ ಹೆಣ್ಣುಮಗಳನ್ನು ಮಧ್ಯಾಹ್ನದ ಊಟ ಹಾಕದೆ ಕಳಿಸುವುದಿಲ್ಲ. ಉಂಡು, ಮಡಿಲು ತುಂಬಿಸಿಕೊಂಡು ಹೊರಡುವಷ್ಟರಲ್ಲಿ ಹೊತ್ತು ಪಡುವಲಿಗೆ ವಾಲಿರುತ್ತದೆ. ಬೆಳಿಗ್ಗೆ ತೆಂಕಲಿಗೆ ಹೋಗುವವರ ಎಡಕ್ಕೂ ಸೂರ್ಯ, ಇಳಿಹೊತ್ತಿನಲ್ಲಿ ಬಡಗಲಿಗೆ ಬರುವವರ ಎಡಕ್ಕೂ ಸೂರ್ಯ. ಅವತ್ತು ಮಾತ್ರ ಬೆಳಿಗ್ಗೆಯೇ ಬಡಗಲಿಗೆ ಬರಬೇಕಿತ್ತು, ಬಿಸಿಲು ಬಲಗೆನ್ನೆಗೆ ಬೀಳಬೇಕಿತ್ತು. ಅವರ ತಾಯಿ ಹೇಳಿದ ಗುರುತು ಸುಳ್ಳಲ್ಲ. ಅದರೊಳಗೆ ಒಂದು ಊಟ ಸೇರಿಕೊಂಡಿತ್ತು, ಅದನ್ನು ಅವರು ಬಿಡಿಸಿ ಹೇಳಿರಲಿಲ್ಲ. ಮಗಳು ಊಟ ಮಾಡದೆ ತವರಿನಿಂದ ಹೊರಟಾಳು ಎಂದು ಯಾವ ತಾಯಿಗೆ ತೋಚೀತು?

ನಮ್ಮವರು ಕೊಟ್ಟಿಗೆಯ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತು ಇದನ್ನೆಲ್ಲ ನೋಡಿದ್ದರು. ಬಾಯಿ ಮುಕ್ಕಳಿಸಿ ಬಂದು, ನಾಲ್ಕು ಕಾಯಿಗಳನ್ನೂ ಒಂದು ಸುತ್ತು ನೋಡಿ, "ಹೋಗಿ ಬಾರವ್ವ. ವಾಪಸ್ ಬರೋ ದಿನ ಕ್ರಾಸಿಗೆ ನಾನು ಬತ್ತೀನಿ" ಅಂದರು.

"ನೀನು ಬರೋದಾದ್ರೆ ನಾನು ಹೋಗಾಕಿಲ್ಲ ಬುಡು" ಅಂದರು ಅತ್ತೆ.

ಅಲ್ಲಿಗೆ ಮಾತು ನಿಂತಿತು. ನಮ್ಮವರು ಕ್ರಾಸಿಗೆ ಹೋಗುತ್ತಾರೆ ಅಂತಲೂ ಆಗಲಿಲ್ಲ, ಹೋಗುವುದಿಲ್ಲ ಅಂತಲೂ ಆಗಲಿಲ್ಲ.

ಹೊರಡುವ ಮುಂಚೆ ಅತ್ತೆ ಪುಟ್ಟಿಯಿಂದ ಒಂದು ಚೆಂದದ ಉಂಡೆ ಕೊಬ್ಬರಿ ಆರಿಸಿ ಬಟ್ಟೆಯಲ್ಲಿ ಕಟ್ಟಿಕೊಂಡರು, ವಿಶ್ವನಾಥನಿಗೆ. ನಮ್ಮ ಕೊಬ್ಬರಿ ವರ್ಷ ವರ್ಷ ಅತ್ತಲಾಗೆ ಹೋಗುತ್ತದೆ, ಒಂದು ಸಲ ಅದರ ಜೊತೆ ನಾನೂ ಹೋಗಿ ನೋಡುತ್ತೇನೆ ಅಂದರು. ಅವರಿಗಿದ್ದ ಒಂದೇ ಅಳುಕು ರೈಲಿನಲ್ಲಿ ಮಲಗುವುದರದ್ದು. ಬಡಗಲಿಗೆ ತಲೆ ಹಾಕಿ ಮಲಗಬಾರದು. ರೈಲೇ ಬಡಗಲಿಗೆ ಹೋಗುವಾಗ ಏನು ಮಾಡುವುದು? ಅಲ್ಲಿ ಸೀಟುಗಳು ಅಡ್ಡಕ್ಕಿರುತ್ತವೆ, ಮೂಡಲಿಗೆ ತಲೆ ಹಾಕಿಕೋ ಎಂದು ಮಗಳು ಧೈರ್ಯ ಹೇಳಿದಳು.

ರೈಲು ಹತ್ತಿದ ಮಾರನೆಯ ಬೆಳಿಗ್ಗೆ, ನಾನು ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ, ನಮ್ಮವರ ಫೋನು ಕೂಗಿತು. ತಮ್ಮ ಅತ್ತಿಗೆಯ ಮೊಬೈಲಿನಿಂದ ಅತ್ತೆ ಮಾಡಿದ್ದರು. ದನಿ ತಗ್ಗಿಸಿ, ಪಕ್ಕದವರಿಗೆ ಕೇಳಬಾರದು ಅನ್ನುವ ಹಾಗೆ ಮಾತಾಡುತ್ತಿದ್ದರು.

"ರೈಲು ವಾಪಸ್ ಬರ್ತಾ ಐತೆ ಕಣ್ಲಾ. ಬಿಸಿಲು ಎಡಗೆನ್ನೆಗೆ ಹೊಡೀತೈತೆ. ಬೆಳಿಗ್ಗೆ ಹೊತ್ತು."

ನಮ್ಮವರ ಮುಖದಲ್ಲಿ ಹಿಂದಿನ ತಮಾಷೆ ಇರಲಿಲ್ಲ. ಯಾರನ್ನಾದರೂ ಕೇಳು ಅಂದರು. ಉಳಿದವರೆಲ್ಲ ಇನ್ನೂ ಮಲಗಿದ್ದಾರೆ, ಎದುರಿಗೆ ಕೂತವರಿಗೆ ನಮ್ಮ ಭಾಷೆ ಬರುವುದಿಲ್ಲ ಎಂದು ಉತ್ತರ ಬಂತು. ಮುಂದಿನ ನಿಲ್ದಾಣದಲ್ಲಿ ಇಳಿದುಬಿಡಲೇ ಎಂದೂ ಕೇಳಿದರು. ನಮ್ಮವರು ಇಳಿಯಬೇಡ, ಇಳಿಯಬೇಡ ಎಂದು ಎರಡು ಸಲ ಹೇಳಿದರು. ಮಗಳು ಬಂದು ಫೋನಿಗೆ ಬಾಯಿಟ್ಟಳು.

"ಅಜ್ಜಿ, ಕಿಟಕಿಯಾಚೆ ಗಿಡಮರ ನಿನ್ನ ಮುಂದುಗಡೆಯಿಂದ ಬರ್ತಾವಾ, ಬೆನ್ನ ಹಿಂದುಗಡೆಯಿಂದ ಬರ್ತಾವಾ?"

ಬೆನ್ನ ಹಿಂದಿನಿಂದ ಬಂದು ಮುಂದಕ್ಕೆ ಹೋಗುತ್ತಿವೆ ಎಂದು ಅತ್ತೆ ಹೇಳಿದರು. ಹಾಗಾದರೆ ನೀನು ಹಿಂದುಮುಂದಾಗಿ ಕೂತಿದ್ದೀಯ, ಎದುರು ಸೀಟಿಗೆ ಹೋಗಿ ಕೂರು ಎಂದಳು ಮಗಳು. ಅತ್ತೆ ಎದ್ದು, ಯಾರಿಗೋ ಕೈಸನ್ನೆ ಮಾಡಿ ಜಾಗ ಕೇಳಿ, ಕೂತಿರಬೇಕು. ಆಮೇಲೆ ಒಂದು ಉಸಿರು ಕೇಳಿಸಿತು.

"ಬಲಕ್ಕೆ ಬಂತು ಕಣೇ" ಎಂದು ಫೋನು ಇಟ್ಟರು.

ಮಧ್ಯಾಹ್ನ ಅವರೇ ಮತ್ತೆ ಫೋನು ಮಾಡಿ ನಾಗಪುರ ದಾಟಿದೆವು, ಕಿತ್ತಳೆ ಮಾರುತ್ತಿದ್ದರು, ಪುಸ್ತಕದಲ್ಲಿ ಇರುವುದು ನಿಜ ಎಂದು ಮೊಮ್ಮಗಳಿಗೆ ತಿಳಿಸಿದರು. ಅಲ್ಲಿಂದ ಮುಂದೆ ಅವರಿಗೆ ದಿಕ್ಕಿನ ಚಿಂತೆ ಇರಲಿಲ್ಲ. ಕಾಶಿಯ ಗಲ್ಲಿಯೊಂದರ ಅಂಗಡಿಯಲ್ಲಿ ಉಂಡೆ ಕೊಬ್ಬರಿ ಸಾಲಾಗಿ ಜೋಡಿಸಿಟ್ಟಿದ್ದನ್ನು ಕಂಡು ಬಹಳ ಹೊತ್ತು ನಿಂತಿದ್ದರಂತೆ. ನಮ್ಮದೇನಾ ಎಂದು ನಾನು ಕೇಳಿದ್ದಕ್ಕೆ, ಇದ್ದರೂ ಇರಬಹುದು, ಕೊಬ್ಬರಿ ಮೇಲೆ ಹೆಸರು ಬರೆದಿರುತ್ತದಾ ಅಂದರು.

ವಾಪಸ್ ಬರುವ ದಿನ ಬೆಳಿಗ್ಗೆ ನಮ್ಮವರು ಬೈಕು ಹೊರಗೆ ತೆಗೆದರು. ಒರೆಸಿದರು. ಕೀಲಿ ಕೈಯಲ್ಲಿ ಹಿಡಿದುಕೊಂಡು ಗೇಟಿನವರೆಗೆ ಹೋದರು, ನಿಂತರು, ಮತ್ತೆ ಬಂದು ಜಗಲಿಯ ಮೇಲೆ ಕೂತರು. ಆ ಕ್ರಾಸಿನಲ್ಲಿ ಏನು ನಡೆಯಿತೆಂದು ಆಮೇಲೆ ಅತ್ತೆಯೇ ಹೇಳಿದರು. ತುಮಕೂರಿನಿಂದ ಎಲ್ಲರೂ ಒಟ್ಟಿಗೆ ಬಂದು ಇಳಿದರಂತೆ. ತುರುವೇಕೆರೆ ಬಸ್ಸು ಮೊದಲು ಬಂತು. ಅತ್ತಿಗೆ ಕೈ ಹಿಡಿದು, ಇಷ್ಟು ದೂರ ಜೊತೆಗೆ ಹೋಗಿ ಬಂದು ಊಟ ಮಾಡದೆ ಹೋಗುತ್ತೀಯಾ, ನಡಿ, ಮಧ್ಯಾಹ್ನ ಉಂಡು ಹೋಗುವೆಯಂತೆ ಎಂದು ಎಳೆದರಂತೆ. ಅತ್ತೆ ಕೈ ಬಿಡಿಸಿಕೊಂಡು, ಇವತ್ತು ಉಣ್ಣದೇ ಹೋಗಬೇಕು ಅತ್ತಿಗೆ, ಇನ್ನೊಂದು ಸಲ ಬರುತ್ತೇನೆ ಅಂದರಂತೆ. ಗುಂಪು ತೆಂಕಲಿಗೆ ಹೋಯಿತು. ಅತ್ತೆ ಒಬ್ಬರೇ ನಿಂತು, ತಮ್ಮ ಬಸ್ಸು ಬಂದಾಗ ಹತ್ತಿ, ಬಲಗಡೆಯ ಕಿಟಕಿ ಪಕ್ಕ ಕೂತರು.

ಮಗಳು ರಸ್ತೆಗೇ ಹೋಗಿ ನಿಂತಿದ್ದಳು. ಬಸ್ಸು ನಿಂತು ಹೊರಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಮೊಮ್ಮಗಳು ಒಂದೊಂದು ಚೀಲ ಹಿಡಿದು ಅಂಗಳಕ್ಕೆ ಬಂದರು. ನಮ್ಮವರು ಕೀಲಿ ಜೇಬಿಗೆ ಹಾಕಿಕೊಂಡು ಎದ್ದು, ಚೊಂಬಿನಲ್ಲಿ ನೀರು ತಂದು ತಾಯಿಯ ಕಾಲಿಗೆ ಹಾಕಿದರು. ಅತ್ತೆ ಜಗಲಿಯ ಮೇಲೆ ತಮ್ಮ ಜಾಗದಲ್ಲಿ ಕೂತು, ಮೊಮ್ಮಗಳ ಕೈ ಎಳೆದು ತಮ್ಮ ಬಲಗೆನ್ನೆಗೆ ಒತ್ತಿಕೊಂಡರು.

"ಮುಟ್ಟಿ ನೋಡು. ಇನ್ನೂ ಬಿಸಿ ಐತಾ?"

ಐತೆ ಅಂದಳು ಅವಳು. ಅತ್ತೆ ನನ್ನ ಕಡೆ ತಿರುಗಿ ಬೇಗ ಉಣ್ಣಾಕೆ ಇಕ್ಕು, ಹೊಟ್ಟೆ ಚುರುಗುಟ್ಟುತ್ತಿದೆ ಅಂದರು. ನಾನು ಮುದ್ದೆ ಮಾಡಲು ಒಲೆಯ ಮೇಲೆ ಎಸರಿಟ್ಟೆ.