ಗಿಲಾವಿನ ಕೆಳಗಿನ ಹರಳು

ನಮ್ಮ ಓಣಿಯಲ್ಲಿ ಗಾಳಿ ಬಡಿದದ್ದು, ಮೈಮೇಲೆ ಬಂದದ್ದು ಅಂತ ಮಾತು ಎದ್ದರೆ ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೆವ ಹೇಳಿ ಎದ್ದು ಬರುತ್ತಿದ್ದೆ. ಅಂಥದ್ದನ್ನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಾಲ್ಕು ವರ್ಷದ ಹಿಂದೆ, ಹಾಡುಹಗಲು, ನಮ್ಮದೇ ಪಡಸಾಲೆಯಲ್ಲಿ ಒಂದು ಸಂಗತಿ ನಡೆಯಿತು. ಕಂಡಷ್ಟನ್ನೇ ಬರೆಯುತ್ತೇನೆ. ಓದಿದವರಿಗೆ ಏನಾದರೂ ಹೊಳೆದರೆ ಅವರು ನನಗಿಂತ ಜಾಣರು.

ನಮ್ಮದು ಕೊಲ್ಹಾರ. ಹಳೇ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಹೊಸ ಊರಲ್ಲಿ ಸಿಕ್ಕ ಜಾಗದಲ್ಲಿ ಮಾವನವರು ಕಟ್ಟಿಸಿದ ಮನೆ. ನಾನು ಯಂಕಂಚಿಯಿಂದ ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆಯ ಎರಡೂ ಕಣ್ಣು ಪೂರಾ ಹೋಗಿದ್ದವು. ಮಾವನವರು ನಾನು ಬಂದ ಮೂರನೇ ವರ್ಷಕ್ಕೆ ತೀರಿಕೊಂಡರು. ಅತ್ತೆ ಮಾತ್ರ ಯಾರ ಕೈಯನ್ನೂ ಹಿಡಿದವರಲ್ಲ. ಪಡಸಾಲೆಯ ಮಂಚದಿಂದ ಎದ್ದು, ಬಲಗೈಯನ್ನು ಗೋಡೆಗೆ ಹಚ್ಚಿ, ಅಡುಗೆಮನೆ ಪಕ್ಕದ ಓಣಿಯಂಥ ಜಾಗ ದಾಟಿ, ಹಿತ್ತಲ ಬಾಗಿಲ ಹತ್ತಿರ ಹೊರಳಿ ಬಚ್ಚಲಿಗೆ ಹೋಗಿ ಬರುತ್ತಿದ್ದರು. ದಿನಕ್ಕೆ ಐದಾರು ಸಲ.

ಆ ಗೋಡೆಗಳೋ, ಒರಟು ಅಂದರೆ ಒರಟು. ಪಡಸಾಲೆಗೆ ಸಣ್ಣ ಕಲ್ಲಿನ ಹರಳು ಸಿಮೆಂಟಿಗೆ ಕಲಸಿ ಎರಚಿದ ಗಿಲಾವು. ಒಳಗಿನ ಓಣಿಯಲ್ಲಿ ಹಸಿ ಗಿಲಾವಿನ ಮೇಲೆ ಕಸಬರಿಗೆ ಎಳೆದ ಗೆರೆಗಳು. ಹಿತ್ತಲ ಬಾಗಿಲ ಬಳಿ ಹೆಬ್ಬೆರಳು ಒತ್ತಿದಂಥ ಕುಣಿಗಳು. ಹಿಂದಿನವರ ಚಂದ ಅಂತ ನಾನು ಸುಮ್ಮನಿದ್ದೆ. ಧೂಳು ಕೂರುತ್ತಿತ್ತು, ಸೀರೆಯ ಎಳೆ ಸಿಕ್ಕುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಬೆರಳ ತುದಿಗಳು ಸದಾ ತರಚಿರುತ್ತಿದ್ದವು. ರಾತ್ರಿ ಕೊಬ್ಬರಿ ಎಣ್ಣೆ ಸವರುವಾಗ ನನಗೆ ಸಂಕಟವಾಗುತ್ತಿತ್ತು. ಆಸರೆಗೆ ಗೋಡೆ ಇದ್ದರೆ ಸಾಕು, ನುಣ್ಣಗಿದ್ದರೆ ಕೈಗೆ ಇನ್ನೂ ಹಿತ ಅಂತ ನಾನೇ ಲೆಕ್ಕ ಹಾಕಿದೆ. ಮನೆ ದುರಸ್ತಿಗೆ ತೆಗೆದಾಗ ಗೋಡೆ ಮೊದಲು ಆಗಲಿ ಅಂತ ಹಟ ಹಿಡಿದವಳೂ ನಾನೇ.

ಧೂಳು ಬೇಡ ಎಂದು ಅತ್ತೆಯನ್ನು ಮುದ್ದೇಬಿಹಾಳಕ್ಕೆ, ನಾದಿನಿಯ ಮನೆಗೆ ಕಳಿಸಿದೆವು. ಗೌಂಡಿ ದಸ್ತಗೀರ ನಮಗೆ ಹಳೆಯ ಪರಿಚಯ, ಮಾತಿನ ಮನುಷ್ಯ. ಗೋಡೆ ಸವರಿ, "ಅಕ್ಕಾರ, ಇದು ಗ್ವಾಡಿ ಅಲ್ರಿ, ಹಾಗಲಕಾಯಿ ಐತಿ" ಅಂದ. ಎದ್ದ ಹರಳುಗಳನ್ನು ಉಳಿಯಿಂದ ಅಷ್ಟಿಷ್ಟು ಕೆರೆದು, ನೀರಿನಿಂದ ತೊಳೆದು, ಸಿಮೆಂಟಿನ ಹಾಲು ಬಳಿದು, ಮೇಲೆ ಎರಡು ಸಲ ಗಿಲಾವು ಎಳೆದ. ನಾನು ಒಂದು ವಾರ ಹೊತ್ತಿಗೆ ಸರಿಯಾಗಿ ನೀರು ಹೊಡೆದೆ. ಒಣಗಿದ ಮೇಲೆ ಬಿಳಿ ಪುಟ್ಟಿ ಹಚ್ಚಿ, ಉಪ್ಪುಕಾಗದದಿಂದ ತಿಕ್ಕಿ ನುಣ್ಣಗೆ ಮಾಡಿದ. "ಇನ್ನ ನೊಣ ಕುಂತ್ರ ಜಾರಿ ಬೀಳತೈತ್ರಿ" ಅಂದ. ನಿಜಕ್ಕೂ ಹಾಗೇ ಇತ್ತು, ಊಟದ ತಾಟಿನ ಹಾಗೆ.

ಅತ್ತೆ ಬಂದ ದಿನ ಸಂಜೆ ಮಂಚದಿಂದ ಎದ್ದು ಗೋಡೆಗೆ ಕೈಯಿಟ್ಟರು. ನಾಲ್ಕು ಹೆಜ್ಜೆ ನಡೆದರು. ನಿಂತರು. ಅಲ್ಲೇ ಹಿಂದಕ್ಕೂ ಮುಂದಕ್ಕೂ ಕೈಯಾಡಿಸಿದರು.

"ಇದ್ಯಾರ ಮನಿಗಿ ತಂದ ಬಿಟ್ರಿ ನನ್ನ?"

"ನಮ್ಮ ಮನೀನ ಐತಿ ಬೇ" ಅಂತ ನಮ್ಮವರು ನಕ್ಕರು. "ಮುಟ್ಟಿ ನೋಡು, ಎಷ್ಟ ನುಣ್ಣಗ ಆಗೈತಿ."

"ನುಣ್ಣಗ ಆಗೈತಿ. ನಾ ಎಲ್ಲಿ ನಿಂತೇನಿ ಅನ್ನೂದ ಹೇಳವಲ್ದು."

ಆಮೇಲೆ ಮಂಚದ ಮೇಲೆ ಕೂತು, ಸಿಟ್ಟಿಲ್ಲದೆ, ಬೇರೆಯವರ ಮನೆಯ ಸುದ್ದಿ ಹೇಳುವಂತೆ ಹೇಳಿದರು. ಮನೆ ಕಟ್ಟುವಾಗ ಅವರ ಕಣ್ಣು ಮಬ್ಬಾಗುತ್ತಿದ್ದವಂತೆ. ಪೂರಾ ಹೋಗುತ್ತವೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರಂತೆ. "ನಿಮ್ಮ ಮಾವ ಗೌಂಡಿ ಹಿಂದ ನಿಂತ ಮಾಡ್ಸಿದ್ರು. ಹರಳ ಇರೂತನಕ ಪಡಸಾಲಿ, ಗೆರಿ ಬಂದ್ರ ಅಡಗಿಮನಿ, ಕುಣಿ ಹತ್ತಿದ್ರ ಹೊಳ್ಳಬೇಕು." ನಮ್ಮವರು ಆಗ ವಿಜಯಪುರದಲ್ಲಿ ಓದುತ್ತಿದ್ದರು, ಅವರಿಗೂ ಗೊತ್ತಿರಲಿಲ್ಲ.

"ಮೊದಲ ಒಂದ ಮಾತ ಹೇಳಬಾರದೇನ್ರಿ, ಅತ್ತಿ?" ಅಂದೆ.

"ಇಷ್ಟ ವರ್ಷ ನೋಡಾಕತ್ತೀಯಲ್ಲ ಯವ್ವಾ. ನಿನಗ ಗೊತ್ತೈತಿ ಅಂತ ತಿಳದಿದ್ನಿ."

ಆ ದಿನದಿಂದ ಅತ್ತೆ ಒಬ್ಬರೇ ಏಳುವುದು ನಿಂತಿತು. ನಾನು ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯಬೇಕು. ಬಾಗಿಲ ಹೊರಗೆ ನಿಲ್ಲಬೇಕು. ಕೋಲು ಕೊಟ್ಟೆ, ಮೂಲೆಗೆ ಇಟ್ಟರು. ಮಂಚದಿಂದ ಬಚ್ಚಲವರೆಗೆ ಒಂದು ಹಗ್ಗ ಕಟ್ಟೋಣವೇ ಅಂದೆ. "ಹಗ್ಗಾ ಕಟ್ಟಾಕ ನಾ ಏನ ಎಮ್ಮಿ ಏನ?" ಅಂದರು. ನಗಲಿಲ್ಲ.

ಒಂದು ವಾರ ಆದ ಮೇಲೆ ನನ್ನ ಗಮನಕ್ಕೆ ಬಂತು, ಮಂಚದ ಪಕ್ಕ ಇಟ್ಟ ತಂಬಿಗೆಯ ನೀರು ಹಾಗೇ ಇರುತ್ತಿತ್ತು. ಬೆಳಿಗ್ಗೆ ಚಹಾ ಬೇಡ ಅಂದರು. ಒಂದೂವರೆ ರೊಟ್ಟಿ ತಿನ್ನುವವರು ಅರ್ಧಕ್ಕೆ ಇಳಿದರು. ಬಚ್ಚಲಿಗೆ ಕರೆದೊಯ್ಯಲು ನನ್ನನ್ನು ಕೇಳುವುದು ಬೇಡ ಅಂತ ನೀರನ್ನೇ ಬಿಟ್ಟಿದ್ದರು. ತುಟಿ ಒಡೆದವು. ನಾಲಗೆ ಒಣಗಿ ಮಾತು ತಡವರಿಸಿತು. ದವಾಖಾನೆಗೆ ಹೋಗಿ ಒಂದು ಬಾಟಲಿ ಸಲೈನು ಏರಿಸಿಕೊಂಡು ಬಂದೆವು. ಹೀಗೇ ನಡೆದರೆ ಬಹಳ ದಿನ ಇಲ್ಲ ಅಂತ ಡಾಕ್ಟರು ನಮ್ಮವರನ್ನು ಹೊರಗೆ ಕರೆದು ಹೇಳಿದರು. ನಾನು ಅಳಬೇಕಿತ್ತು. ಅಳು ಬರಲಿಲ್ಲ. ಅಡುಗೆ ಮಾಡಿದೆ, ಭಾಂಡೆ ತೊಳೆದೆ, ಗೋಡೆಯ ಕಡೆ ಮಾತ್ರ ನೋಡಲಿಲ್ಲ.

ದಸ್ತಗೀರನನ್ನು ಕರೆಸಿದೆವು. ಕೆಳಗಿನದು ಹಾಗೇ ಸಿಗುವಂತೆ ಮೇಲಿನದನ್ನು ಬಿಡಿಸಲು ಬರುವುದಿಲ್ಲ, ಒಡೆದರೆ ಎರಡೂ ಉದುರುತ್ತವೆ ಅಂದ. ಬೇಕಾದರೆ ಹೊಸದಾಗಿ ಹರಳು ಎರಚಿಕೊಡುತ್ತೇನೆ ಅಂದ. ಅತ್ತೆ ಮಂಚದಿಂದಲೇ, "ಎಷ್ಟ ಹೆಜ್ಜಿಗೆ ಹರಳ ಮುಗಿಬೇಕು, ನಿನಗ ಗೊತ್ತೈತೇನ?" ಅಂತ ಕೇಳಿದರು. ಅವನು ಗೇಣಿನಿಂದ ಗೋಡೆ ಅಳೆದ, ಲೆಕ್ಕ ಸಿಗಲಿಲ್ಲ. ಆದರೂ ಸೋಮವಾರ ಬರುವುದಾಗಿ ಹೇಳಿ ಹೋದ.

ಶನಿವಾರ ಮಧ್ಯಾಹ್ನ. ನಮ್ಮವರು ಕೆಲಸಕ್ಕೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಹೊರಗೆ ಬಿಸಿಲು, ಬಾಗಿಲು ತೆರೆದಿತ್ತು. ಅತ್ತೆ ಎದ್ದು ಕೂತರು. ಕಾಲು ಇಳಿಬಿಟ್ಟರು. ಬಲಗೈ ಗೋಡೆಗೆ ಹೋಯಿತು. ಕೂಗಿದರೆ ಬೆಚ್ಚಿ ಬೀಳುತ್ತಾರೆಂದು ನಾನು ಮೊರವನ್ನು ಸದ್ದಾಗದಂತೆ ಕೆಳಗಿಟ್ಟೆ.

ಅವರು ನಡೆದರು. ತಡಕಾಡುತ್ತ ಅಲ್ಲ, ಮೊದಲಿನ ಹಾಗೆ. ಪಡಸಾಲೆ ಮುಗಿಯುವ ತನಕ ಅವರ ಬೆರಳು ಏನನ್ನೋ ಹತ್ತಿ ಇಳಿಯುತ್ತಿರುವಂತೆ ಸಣ್ಣಗೆ ಪುಟಿಯುತ್ತಿದ್ದವು. ನಾನು ಎದ್ದು ಹಿಂದೆ ಹೋದೆ. ಅಡುಗೆಮನೆಯ ಪಕ್ಕ ಬೆರಳು ಉದ್ದಕ್ಕೆ ಜಾರಿದವು. ಹಿತ್ತಲ ಬಾಗಿಲ ಹತ್ತಿರ ಹೆಬ್ಬೆರಳು ಒಂದು ಕಡೆ ಒತ್ತಿ ನಿಂತಿತು. ಹೊರಳಿದರು. ಬಚ್ಚಲಿಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡರು.

ತಿರುಗಿ ಬಂದು ಕೂತು, "ಒಂದ ತಂಬಗಿ ನೀರ ಕೊಡ" ಅಂದರು. ಪೂರಾ ಕುಡಿದರು. ತಂಬಿಗೆ ಇಸಿದುಕೊಳ್ಳುವಾಗ ಕೈ ನೋಡಿದೆ. ಮೂರು ಬೆರಳ ತುದಿಗಳು ತರಚಿದ್ದವು. ನಡುಬೆರಳಲ್ಲಿ ಸಣ್ಣಗೆ ರಕ್ತ ಒಸರಿತ್ತು. ಉಗುರಿನ ಸಂದಿಯಲ್ಲಿ ಉಸುಕಿನ ಕಾಳುಗಳು.

ಎದ್ದು ಹೋಗಿ ಗೋಡೆ ಮುಟ್ಟಿದೆ. ಅವರ ಕೈ ಹೋದ ದಾರಿಗುಂಟ ಕಡೆಯವರೆಗೆ ಮುಟ್ಟಿದೆ. ನುಣ್ಣಗಿತ್ತು.

"ಅತ್ತೀ, ಕೈಗೆ ಏನ ಹತ್ತಿತ್ರಿ?"

"ಏನ ಹತ್ತತೈತಿ? ಗ್ವಾಡಿ ಹತ್ತಿತು."

ಉಗುರಿನ ಉಸುಕನ್ನು ಪಿನ್ನಿನಿಂದ ತೆಗೆದು ಕಾಗದದ ಪುಡಿಕೆಯಲ್ಲಿ ಇಟ್ಟೆ. ಯಾಕೆ ಇಟ್ಟೆನೋ ತಿಳಿಯದು. ಸೋಮವಾರ ದಸ್ತಗೀರ ಸಾಮಾನು ಹೊತ್ತು ಬಂದಾಗ ಅದನ್ನು ಅಂಗೈಗೆ ಸುರಿದುಕೊಂಡು ಬಿಸಿಲಿಗೆ ಹಿಡಿದ. "ಇದು ಹೊಳಿ ಉಸುಕರಿ ಅಕ್ಕಾರ, ಕಾಳ ಗುಂಡಗ ಅದಾವು. ಕೆಳಗಿನ ಹಳೇ ಗಿಲಾವಿನ್ಯಾಗ ಇಂಥಾದ ಇತ್ತು. ನಾ ಹಾಕಿದ್ದು ಕಲ್ಲ ಒಡದ ಮಾಡಿದ ಉಸುಕ." ಆಮೇಲೆ ಮೊಬೈಲಿನ ಬೆಳಕನ್ನು ಗೋಡೆಗೆ ಅಡ್ಡ ಹಿಡಿದು ಮೂಲೆಯಿಂದ ಮೂಲೆಗೆ ನೋಡಿದ. ಒಂದು ಬಿರುಕಿಲ್ಲ, ಒಂದು ತೂತಿಲ್ಲ. ಅಷ್ಟು ಹೊತ್ತಿಗೆ ಅತ್ತೆ ಎದ್ದು, ಅವನ ಪಕ್ಕದಲ್ಲೇ ಗೋಡೆ ಹಿಡಿದು ಬಚ್ಚಲಿಗೆ ಹೋದರು. ದಸ್ತಗೀರ ಚಹಾ ಕುಡಿದು ಎದ್ದ. ತಂದ ಹರಳನ್ನು ಹಾಗೇ ಹೊತ್ತುಕೊಂಡು ಹೋದ.

ನಮ್ಮವರು ಇದಕ್ಕೆ ರೂಢಿ ಅನ್ನುತ್ತಾರೆ. ಇಷ್ಟು ವರ್ಷ ನಡೆದ ದಾರಿ, ಕೈಗೆ ನೆನಪಿರುತ್ತದೆ ಅನ್ನುತ್ತಾರೆ. ಇರಬಹುದು. ಹಾಗಾದರೆ ಮೊದಲ ಹದಿನೈದು ದಿನ ಯಾಕೆ ನೆನಪಾಗಲಿಲ್ಲ, ನೆನಪಿಗೆ ಬೆರಳು ಯಾಕೆ ತರಚುತ್ತದೆ ಎಂದು ಕೇಳಿದರೆ ಪೇಪರು ಎತ್ತಿಕೊಳ್ಳುತ್ತಾರೆ. ನಾನು ಕಣ್ಣು ಮುಚ್ಚಿಕೊಂಡು ಅದೇ ದಾರಿಯಲ್ಲಿ ಎಷ್ಟೋ ಸಲ ನಡೆದು ನೋಡಿದ್ದೇನೆ. ನನಗೆ ಏನೂ ಹತ್ತುವುದಿಲ್ಲ. ಹೆದರಿಕೆಯೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಅತ್ತೆ ಮತ್ತೆ ಒಂದೂವರೆ ರೊಟ್ಟಿ ತಿನ್ನತೊಡಗಿದರು, ನಾನು ಅಷ್ಟು ಹಿಟ್ಟು ಹೆಚ್ಚಿಗೆ ನಾದತೊಡಗಿದೆ, ಅಷ್ಟೇ.

ಈಗಲೂ ಅತ್ತೆ ಇದ್ದಾರೆ. ಈಗಲೂ ದಿನಕ್ಕೆ ಐದಾರು ಸಲ ಒಬ್ಬರೇ ಹೋಗಿ ಬರುತ್ತಾರೆ. ಗೋಡೆಗೆ ಬಣ್ಣ ಹಚ್ಚಿಸುವ ಮಾತು ಬಂದಾಗೆಲ್ಲ ನಾನು ಬೇಡ ಅಂದಿದ್ದೇನೆ. ಹೀಗಾಗಿ ಬರೀ ಬಿಳಿ ಪುಟ್ಟಿ ಇದೆ. ಎಣ್ಣೆ ಹಚ್ಚಿದ ಕೈ ನಾಲ್ಕು ವರ್ಷ ಒಂದೇ ಎತ್ತರದಲ್ಲಿ ತಿಕ್ಕಿದರೆ ಬಿಳಿ ಗೋಡೆಯ ಮೇಲೆ ಒಂದು ಕಂದು ಪಟ್ಟಿ ಬೀಳಬೇಕು. ದೀಪದ ಗುಂಡಿಯ ಸುತ್ತ ನಮ್ಮೆಲ್ಲರ ಕೈಯ ಕಲೆ ಬಿದ್ದಿದೆ, ಬಾಗಿಲ ಅಂಚಿಗೂ ಬಿದ್ದಿದೆ. ಅತ್ತೆ ಹೋಗುವ ದಾರಿಗುಂಟ ಮಾತ್ರ ಪುಟ್ಟಿ, ಯಾರ ಕೈಯೂ ಸೋಕದ ಹಾಗೆ, ಮೊದಲ ದಿನದಂತೆಯೇ ಬೆಳ್ಳಗಿದೆ. ಪ್ರತಿ ಶುಕ್ರವಾರ ಮನೆ ಒರೆಸುವಾಗ ಅಲ್ಲಿಗೆ ಬಂದು ಬಟ್ಟೆ ಹಿಡಿದು ನಿಲ್ಲುತ್ತೇನೆ. ಒರೆಸಲು ಏನೂ ಇರುವುದಿಲ್ಲ.