ಸಾಹೇಬನ ಮುಚ್ಚಿದ ಬಾಯಿ

ಹದಿನೆಂಟು ವರ್ಷದಿಂದ ಒಂದೇ ಬಡಾವಣೆಗೆ ಕಾಗದ ಹಂಚುತ್ತಿದ್ದ ಪೋಸ್ಟಣ್ಣನಿಗೆ ಮನುಷ್ಯರಿಗಿಂತ ನಾಯಿಗಳ ಪರಿಚಯವೇ ಹೆಚ್ಚು. ಅಟ್ಟಿಸಿಕೊಂಡು ಬಂದ ನಾಯಿಯ ಚಿತ್ರವನ್ನು ಅವನು ಸಂಜೆ ಮನೆಯಲ್ಲಿ ಕೂತು ಬರೆಯುತ್ತಿದ್ದ. ಅದೊಂದು ಬಗೆಯ ಸೇಡು. ಆಯಿಲ್ ಪೇಸ್ಟಲ್ ತೆಳ್ಳಗೆ ಬಳಿದು, ಬೆರಳಲ್ಲಿ ತೀಡಿ, ಮೇಲೆ ಬಣ್ಣದ ಪೆನ್ಸಿಲ್‌ನಿಂದ ಒಂದೊಂದೇ ಕೂದಲು ಎಳೆಯುತ್ತಿದ್ದ. ಮೀಸೆಯನ್ನು ಗುಂಡುಸೂಜಿಯಲ್ಲಿ ಕೆರೆದು ಬಿಡಿಸುತ್ತಿದ್ದ. ಮೂವತ್ತು ಚಿತ್ರಗಳೂ ಅವನ ನಡುಮನೆಯಲ್ಲೇ ಉಳಿದಿದ್ದವು. ಒಂದಾದರೂ ಬೇರೆಯವರ ಗೋಡೆ ಸೇರಲಿ ಎಂಬುದೊಂದೇ ಅವನ ಆಸೆ.

ಹಾಗಾಗಿ, ಮೂಲೆಮನೆಯ ನಿವೃತ್ತ ಟೀಚರಮ್ಮ ತಮ್ಮ ನಾಯಿ ಸಾಹೇಬನ ಚಿತ್ರ ಕೇಳಿದಾಗ ಮೂರು ಸಂಜೆ ಬಗ್ಗಿದ ತಲೆ ಎತ್ತದೆ ಬರೆದ. ಅವರು ಕನ್ನಡಕ ಏರಿಸಿ ನೋಡಿದರು.

“ಚೆನ್ನಾಗಿದೆ. ಯಾರ ನಾಯಿ ಇದು?”

“ನಿಮ್ದೇ, ಟೀಚರಮ್ಮ.”

“ನಮ್ ಸಾಹೇಬ ಯಾವತ್ತು ಹೀಗೆ ಬಾಯಿ ತೆಗೆದಿದ್ದಾನೆ? ಇದನ್ನ ಗೋಡೆಗೆ ಹಾಕಿದ್ರೆ ನನಗೆ ನಿದ್ದೆ ಬರಲ್ಲ.”

ಪೋಸ್ಟಣ್ಣ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದು ನೋಡಿದರೆ, ಮೂವತ್ತು ನಾಯಿಗಳಲ್ಲಿ ಒಂದೂ ಬಾಯಿ ಮುಚ್ಚಿರಲಿಲ್ಲ. ಮುಚ್ಚಿದ ಬಾಯನ್ನು ಅವನು ಕಂಡಿದ್ದರೆ ತಾನೆ?

“ನಾಯಿಗಳಿಗೆ ಸಿಟ್ಟು ನಿಮ್ಮ ಯೂನಿಫಾರಂ ಮೇಲೆ ಕಣ್ರೀ,” ಎಂದಳು ಹೆಂಡತಿ. “ಭಾನುವಾರ ನನ್ನ ತಮ್ಮನ ಅಂಗಿ ಹಾಕ್ಕೊಂಡು ಹೋಗಿ. ಅವನನ್ನ ಕಂಡ್ರೆ ಯಾವ ನಾಯೀನೂ ಬೊಗಳಲ್ಲ.”

“ತಮ್ಮವನೇ ಅಂತ ತಿಳ್ಕೊಂಡಿರ್ತವೆ ಬಿಡು.”

ಅಂಗಿ ಮಾತ್ರ ಕೆಲಸ ಮಾಡಿತು. ಭಾನುವಾರ ಸಾಹೇಬ ಅವನನ್ನು ಒಮ್ಮೆ ಮೂಸಿ, ಮುಂಗಾಲ ಮೇಲೆ ಗದ್ದವಿಟ್ಟು ಮಲಗಿದ. ಟೀಚರಮ್ಮ ಒಳಗೆ ಹೋದರು. ಪೋಸ್ಟಣ್ಣ ಜಗಲಿಯಲ್ಲಿ ಕೂತು ಮೊದಲ ಸಲ ಒಂದು ನಾಯಿಯ ತುಟಿ ನೋಡಿದ. ಅಂಚಿನಲ್ಲಿ ಸಣ್ಣ ಮಡಿಕೆ, ನಗು ತಡೆದುಕೊಂಡ ಹಾಗೆ. ಕಂದು ಪೆನ್ಸಿಲ್ ಚೂಪು ಮಾಡಿ ಆ ಮಡಿಕೆಯನ್ನು ಉಸಿರು ಬಿಗಿಹಿಡಿದು ಎಳೆದ. ಮೂಗಿನ ತೇವಕ್ಕೆಂದು ಒಂದು ಚುಕ್ಕೆಯಷ್ಟು ಕಾಗದ ಬಿಳಿಯಾಗಿಯೇ ಬಿಟ್ಟ.

ಚಿತ್ರ ಮುಗಿದಾಗ ಅವನಿಗೆ ಹಿಗ್ಗು ತಡೆಯಲಾಗಲಿಲ್ಲ. ಒಳಗಿದ್ದ ಟೀಚರಮ್ಮನನ್ನು ಕರೆಯಲು ಬಾಯಿ ತೆರೆದ. ಹದಿನೆಂಟು ವರ್ಷದ ಅಭ್ಯಾಸ ತಾನಾಗಿಯೇ ಹೊರಬಿತ್ತು.

“ಟೀಚರಮ್ಮಾ, ಪೋಸ್ಟ್!”

ಸಾಹೇಬನಿಗೆ ಅಷ್ಟೇ ಸಾಕಾಯಿತು. ಟೀಚರಮ್ಮ ಹೊರಗೆ ಬರುವಷ್ಟರಲ್ಲಿ ಪೋಸ್ಟಣ್ಣ ಕಾಂಪೌಂಡ್ ಗೋಡೆಯ ಮೇಲಿದ್ದ. ಒಂದು ಕೈಯಲ್ಲಿ ಚಿತ್ರ ಎತ್ತಿ ಹಿಡಿದಿದ್ದ. ಪ್ಯಾಂಟಿನ ಒಂದು ಕಾಲು ಕೆಳಗೆ ಸಾಹೇಬನ ಬಾಯಲ್ಲಿತ್ತು.

“ಹಾಗೇ ಹಿಡ್ಕೊಳ್ಳಿ, ಅಲುಗಾಡಬೇಡಿ,” ಎಂದು ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನೇ ನೋಡುತ್ತ ನಿಂತರು. “ಇವನೇ ನೋಡಿ ನಮ್ ಸಾಹೇಬ.”

“ಮೊದಲು ನಾಯಿ ಹಿಡೀರಿ, ಟೀಚರಮ್ಮ.”

“ಮೊದಲು ಚಿತ್ರ ಕೊಡಿ. ಹರಿದುಗಿರಿದು ಹೋದೀತು.”

ಪೋಸ್ಟಣ್ಣ ಬಣ್ಣ ಒರೆಸಿ ಹೋಗದಂತೆ ಅಂಚು ಹಿಡಿದು, ಎರಡು ಕೈಯಲ್ಲೂ ಬಗ್ಗಿ ಕೊಟ್ಟ.