ಎಂಟು ದಿನದ ವಾರ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಜೇಂದ್ರಗಡದ ನಮ್ಮ ಒಂದೇ ಕೋಣೆಯಲ್ಲಿ, ಅವ್ವನ ಮಗ್ಗದ ಸದ್ದಿನ ಪಕ್ಕದಲ್ಲೇ ಕೂತು ಓದಿದವಳು ನಾನು.

ಅದೊಂದು ಸೋಮವಾರ ಈಳಿಗೆ ತಗುಲಿ ಅವ್ವನ ಬಲಗೈ ಹೆಬ್ಬೆರಳಿಗೆ ಹೊಲಿಗೆ ಬಿದ್ದವು.

"ಎಂಟ ದಿನಕ್ಕ ಬರ್ರಿ, ಬಿಚ್ಚತೇನಿ. ಅಲ್ಲೀತನಾ ಮಗ್ಗ ಮುಟ್ಟಬ್ಯಾಡ್ರಿ," ಅಂದರು ಡಾಕ್ಟರಮ್ಮ.

ಅವ್ವನಿಗೆ ಗಾಯಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು. ಮಗ್ಗದ ಮೇಲೆ ಸೀರೆ ಅರ್ಧಕ್ಕೇ ನಿಂತಿತ್ತು.

ನಾನು ಆಗ ತಾನೇ ಪ್ರೋಗ್ರಾಮಿಂಗ್‌ನಲ್ಲಿ ತಾರೀಖು ಕೂಡಿಸಿ ಕಳೆಯುವುದನ್ನು ಕಲಿಯುತ್ತಿದ್ದೆ. ಲ್ಯಾಪ್‌ಟಾಪ್ ತೆರೆದು, ಇವತ್ತಿನ ತಾರೀಖಿಗೆ ಎಂಟು ದಿನ ಕೂಡಿಸು ಎಂದು ಬರೆದೆ. ಮಂಗಳವಾರ ಬಂತು.

"ಅವ್ವಾ, ಮಂಗಳವಾರ ಹೋಗೂಣು."

"ಸೋಮವಾರ ಅಲ್ಲೇನ?" ಎಡಗೈ ಬೆರಳ ಗೆಣ್ಣು ಎಣಿಸುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು. "ಇರಲಿ ಬಿಡು. ಡಿಗ್ರಿ ಆದಾಕಿ ನೀನು. ನಿನ್ನ ಡಬ್ಬಿ ಸುಳ್ಳ ಹೇಳತೈತೇನ?"

ತನ್ನ ಬೆರಳಿಗಿಂತ ನನ್ನ ಡಿಗ್ರಿಯನ್ನು ನಂಬಿದಳಲ್ಲ, ನನಗೆ ಹೆದರಿಕೆಯಾಯಿತು.

"ಸಂತಿ ಎಷ್ಟ ದಿನಕ್ಕೊಮ್ಮಿ ಬೇ?"

"ಎಂಟ ದಿನಕ್ಕ. ಇದೇನ ಕೇಳತಿ ಹುಚ್ಚಿ?"

ಈ ಸಂತೆಯ ತಾರೀಖು, ಮುಂದಿನ ಸಂತೆಯ ತಾರೀಖು ಎರಡನ್ನೂ ಕೊಟ್ಟು ಕಳೆಯಲು ಹೇಳಿದೆ. ಏಳು. ನಾವು ಹದಿನೈದು ದಿನ ಅನ್ನುವ ಎರಡು ವಾರವನ್ನು ಕೊಟ್ಟೆ. ಹದಿನಾಲ್ಕು.

ಯಾವ ಲೆಕ್ಕವೂ ತಪ್ಪಿರಲಿಲ್ಲ. ಯಂತ್ರ ಇವತ್ತನ್ನು ಬಿಟ್ಟು ನಾಳೆಯಿಂದ ಎಣಿಸುತ್ತದೆ. ನಮ್ಮ ಆಡುಮಾತು ಇವತ್ತನ್ನೂ ಹಿಡಿದು ಎಣಿಸುತ್ತದೆ. ಸಾಲಿಯಲ್ಲಿ ವಾರಕ್ಕೆ ಏಳು ದಿನ ಎಂದು ಬಾಯಿಪಾಠ ಒಪ್ಪಿಸಿ, ಮನೆಗೆ ಬಂದು ಎಂಟು ದಿನ ಎಂದೇ ಮಾತಾಡಿದವಳು ನಾನು. ಒಂದೇ ಬಾಯಲ್ಲಿ ಅವೆರಡೂ ಇಷ್ಟು ವರ್ಷ ಜಗಳವಿಲ್ಲದೆ ಬಾಳಿದ್ದವು! ನಮ್ಮ ಅಜ್ಜಿಯರ ಅಜ್ಜಿಯರು ಎಣಿಸಿದ್ದ ರೀತಿ ಒಂದು ಸಣ್ಣ ಸಾಲಿನ ಕೋಡ್‌ಗೆ ಅಡ್ಡ ನಿಂತಿತ್ತು.

ಎಂಟನ್ನು ಅಳಿಸಿ ಏಳು ಬರೆದೆ.

"ಸೋಮವಾರನ ಬೇ. ನಮ್ಮ ಮಾತ ಇದಕ್ಕ ತಿಳದಿದ್ದಿಲ್ಲ, ತಿಳಿಸಿ ಹೇಳಿದೆ."

"ಹಂಗಾರ ನಿನ್ನ ಡಬ್ಬಿನೂ ಸಾಲಿಗೆ ಹಚ್ಚು," ಎಂದು ನಕ್ಕಳು.

ಸೋಮವಾರ ಹೊಲಿಗೆ ಬಿಚ್ಚಿದರು. ಮನೆಗೆ ಬಂದವಳು ಚಹಾ ಆರುತ್ತಿದ್ದರೂ ಮುಟ್ಟದೆ ಮಗ್ಗದ ಗುಂಡಿಗಿಳಿದು ಕೂತಳು. ಹೆಬ್ಬೆರಳನ್ನು ಒಮ್ಮೆ ಮಡಚಿ, ಬಿಚ್ಚಿ, ನನ್ನ ಕಡೆ ನೋಡಿದಳು. ಆಮೇಲೆ ಲಾಳಿ ಎಸೆದಳು.